ವಾಪಸ್ಸಣ್ಣನನ್ನು ನೇರ ಓಡಿಸಿದ ಕ್ಯಾಪ್ಸೂಲಿನವರಿಗೆ

ಮಾನ್ಯ ಕ್ಯಾಪ್ಸೂಲ್ ಮಹಾಶಯರೇ,

ತಾವು ತಮ್ಮ ಒಂಬತ್ತು ಮಂದಿ ಸೋದರರೊಂದಿಗೆ ಬೆಳ್ಳಿಬಣ್ಣದ ಪಟ್ಟಿಯೊಳಗೆ, ತಂಪಾದ, ಒಣಗಿದ, ಬಿಸಿಲು ಬೀಳದ, ಮಕ್ಕಳ ಕೈಗೆಟುಕದ ಜಾಗದಲ್ಲಿ ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ. ಈ ಕಡೆ ನಾನು, ನನ್ನ ಹೆಂಡತಿ, ಎಂಟು ವರ್ಷದ ಮಗಳು, ಮತ್ತು ತಾವು ಬಂದ ಮೇಲೆ ನನ್ನ ಸೊಂಟಕ್ಕೆ ಬಂದು ಸೇರಿಕೊಂಡ ಆರು ಕಿಲೋ, ಎಲ್ಲರೂ ಕ್ಷೇಮ. ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಮುಖಾಮುಖಿ ಭೇಟಿಯಾಗುವವರು ಹೀಗೆ ಕಾಗದ ಬರೆಯುವುದೇನು ಎಂದು ತಾವು ಕೇಳಬಹುದು. ಭೇಟಿಯಾದ ಮರುಕ್ಷಣವೇ ತಾವು ಒಂದು ಗುಟುಕು ನೀರಿನೊಂದಿಗೆ ಒಳಗೆ ನಡೆದುಬಿಡುವುದರಿಂದ ನನ್ನ ಅಹವಾಲು ಗಂಟಲಲ್ಲೇ ಉಳಿಯುತ್ತಿದೆ. ಅಲ್ಲದೆ ನಮ್ಮಿಬ್ಬರ ಸಂಬಂಧದ ಬಗ್ಗೆ ಇಡೀ ಬಸ್ ಡಿಪೋ ಈಗಾಗಲೇ ಬಾಯಿಗೆ ಬಂದಂತೆ ಮಾತಾಡಿಕೊಂಡಿದೆ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲವಾದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಹದಿನೇಳನೇ ನಂಬರಿನ ಬಸ್ಸಿನ ಚಾಲಕ, ಅಂದರೆ ಹೋದ ತಿಂಗಳವರೆಗೆ ಚಾಲಕ. ನೀರಿನ ಟ್ಯಾಂಕಿನಿಂದ ದೊಡ್ಡಾಸ್ಪತ್ರೆಯ ಗೇಟಿನವರೆಗೆ ಹನ್ನೊಂದು ಕಿಲೋಮೀಟರು, ಇಪ್ಪತ್ತಮೂರು ನಿಲ್ದಾಣ. ಹನ್ನೊಂದು ವರ್ಷದಲ್ಲಿ ನನ್ನ ಬಸ್ಸು ಒಬ್ಬ ಮನುಷ್ಯನಿಗೂ, ಒಂದು ನಾಯಿಗೂ, ಒಂದು ಸೈಕಲ್ಲಿಗೂ ತಾಗಿದ್ದಿಲ್ಲ ಎಂದು ಡಿಪೋದ ಕಡತ ಹೇಳುತ್ತದೆ. ನನ್ನ ತಲೆಯೊಳಗಿನ ಕಡತ ಮಾತ್ರ ಬೇರೆಯೇ ಇತ್ತು. ಅದರ ಪ್ರಕಾರ ರಸ್ತೆಯಲ್ಲಿ ಗುಂಡಿಗಳೇ ಇರಲಿಲ್ಲ, ಇದ್ದವರೆಲ್ಲ ಮನುಷ್ಯರು. ಹಿಂದಿನ ಚಕ್ರ ‘ಧಡ್’ ಎಂದರೆ ಯಾರೋ ಹೋದರು ಎಂದೇ ಅರ್ಥ. ಕನ್ನಡಿಯಲ್ಲಿ ನೋಡಿದರೆ ಯಾರೂ ಕಾಣುತ್ತಿರಲಿಲ್ಲ. ಕಾಣದಿದ್ದ ಮಾತ್ರಕ್ಕೆ ಇಲ್ಲವೆಂದು ಹೇಗೆ ಹೇಳುವುದು? ಆದ್ದರಿಂದ ಮುಂದಿನ ವೃತ್ತದಲ್ಲಿ ಬಸ್ಸು ತಿರುಗಿಸಿ, ಎರಡು ನಿಲ್ದಾಣ ಹಿಂದೆ ಹೋಗಿ, ಕಿಟಕಿಯಿಂದ ಕತ್ತು ಹೊರಹಾಕಿ ಗುಂಡಿಯನ್ನು ಕಣ್ತುಂಬ ನೋಡಿ, ಸಮಾಧಾನ ಮಾಡಿಕೊಂಡು ಮತ್ತೆ ಹೊರಡುತ್ತಿದ್ದೆ. ಹೊರಟ ಮೇಲೆ, ನೋಡಲು ಹೋದಾಗಲೇ ಇನ್ನೊಬ್ಬರಿಗೆ ತಾಗಿಸಿದೆನೇನೋ ಎಂದು ಶುರುವಾಗುತ್ತಿತ್ತು. ಡಾಕ್ಟರಮ್ಮ ಇದಕ್ಕೆ ಗೀಳು ಕಾಯಿಲೆ ಎಂದರು. ನಮ್ಮ ಡಿಪೋದವರು ಡೀಸೆಲ್ ದಂಡ ಎಂದರು.

ಪ್ರಯಾಣಿಕರು ಮಾತ್ರ ನನ್ನನ್ನು ಪ್ರೀತಿಯಿಂದ ವಾಪಸ್ಸಣ್ಣ ಎಂದು ಕರೆದರು. ಹದಿನೇಳನೇ ನಂಬರ್ ತಪ್ಪಿಹೋಯಿತೆಂದು ಅಲ್ಲಿ ಯಾರೂ ಓಡುತ್ತಿರಲಿಲ್ಲ. ಶಾಲೆಯ ಟೀಚರೊಬ್ಬರು ಬಸ್ಸು ಮುಂದೆ ಹೋದದ್ದನ್ನು ಕಿಟಕಿಯಿಂದ ನೋಡಿ ಆಮೇಲೆ ಜಡೆ ಹೆಣೆಯಲು ಕೂರುತ್ತಿದ್ದರು. ಹಲ್ಲಿನ ಸೆಟ್ಟು ಮರೆತು ಬಂದ ತಾತನಿಗೆ ಪಕ್ಕದವರು "ಹೋಗಿ ತಗೊಂಡು ಬನ್ನಿ ತಾತ, ವಾಪಸ್ಸಣ್ಣ ಹೆಂಗೂ ಇನ್ನೊಂದು ಸಲ ಬರ್ತಾರೆ" ಎಂದು ಧೈರ್ಯ ಹೇಳುತ್ತಿದ್ದರು. ನಗದೆ ಇದ್ದವರು ಒಬ್ಬರೇ, ನಮ್ಮ ಟಿಕೆಟ್ ತನಿಖೆಯ ಸಾಹೇಬರು. ಅನುಮತಿಯಿಲ್ಲದೆ ಹಿಂದಿರುಗಿದ್ದಕ್ಕೆ ಅವರು ನನಗೆ ನಲವತ್ತೊಂದು ಮೆಮೋ ಕೊಟ್ಟಿದ್ದಾರೆ. ಅವರನ್ನು ನಾವೆಲ್ಲ ಮೆಮೋ ಸಾಹೇಬರೆಂದೇ ಕರೆಯುವುದು.

ಬಸ್ಸಿನಲ್ಲಿ ಆದದ್ದು ನಗೆಪಾಟಲು, ಒಪ್ಪುತ್ತೇನೆ. ಕೆಲಸ ಬಿಟ್ಟ ಮೇಲಿನದ್ದು ನಗುವಂಥದ್ದಲ್ಲ. ಸಂಜೆ ಪಾಳಿ ಮುಗಿಸಿ ಬಸ್ಸು ಒಪ್ಪಿಸಿದ ನಂತರ ನಾನು ಹನ್ನೊಂದು ಕಿಲೋಮೀಟರನ್ನೂ ಟಾರ್ಚು ಹಿಡಿದು ನಡೆದು ನೋಡಿ ಮನೆಗೆ ಹೋಗುತ್ತಿದ್ದೆ. ಅಷ್ಟು ಹೊತ್ತಿಗೆ ಮಗಳು ಮಲಗಿರುತ್ತಿದ್ದಳು. ಹೀಗೆ ನಾಲ್ಕು ವರ್ಷ ನಡೆಯಿತು. ಕೊನೆಗೆ ನನ್ನ ಹೆಂಡತಿ ಟಾರ್ಚನ್ನು ಕಸಿದುಕೊಂಡು, "ನಿಮ್ಮ ಬಸ್ಸಿಗೆ ಸಿಕ್ಕಿ ಯಾರೂ ಸತ್ತಿಲ್ಲ ಕಣ್ರೀ. ಮನೇಲಿ ನಾವಿಬ್ರು ಬದುಕಿದೀವಿ, ಅದನ್ನ ಸ್ವಲ್ಪ ನೋಡಿ" ಎಂದು ಕೂಗಾಡಿ ನನ್ನನ್ನು ಡಾಕ್ಟರಮ್ಮನ ಬಳಿಗೆ ಎಳೆದೊಯ್ದಳು.

ಅಲ್ಲಿ ಮೊದಲು ಸಿಕ್ಕವರು ತಾವಲ್ಲ, ತಮ್ಮ ದೂರದ ನೆಂಟನಾದ ಒಂದು ಬಿಳಿ ಮಾತ್ರೆ. ಆತ ಹನ್ನೆರಡು ವಾರ ನಮ್ಮಲ್ಲಿ ಉಂಡು ಮಲಗಿ, ನನಗೆ ಬೆಳಗಾದರೆ ವಾಕರಿಕೆ ಬರಿಸಿದ್ದು ಬಿಟ್ಟರೆ ಒಂದು ಹುಲ್ಲುಕಡ್ಡಿಯನ್ನೂ ಎತ್ತಿಡಲಿಲ್ಲ. "ಒಬ್ಬರಿಗೆ ಆಗಿಬಂದಿದ್ದು ಇನ್ನೊಬ್ಬರಿಗೆ ಆಗಿಬರಲ್ಲ, ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ" ಎಂದು ಡಾಕ್ಟರಮ್ಮ ಪ್ರಾಮಾಣಿಕವಾಗಿ ಒಪ್ಪಿಕೊಂಡು, ಆತನನ್ನು ನಿಧಾನವಾಗಿ ಬೀಳ್ಕೊಟ್ಟು ತಮ್ಮನ್ನು ಬರಮಾಡಿಕೊಂಡರು. ಮೊದಲ ತಿಂಗಳು ಸ್ಟೇರಿಂಗ್ ಮುಟ್ಟಬೇಡಿ, ತೂಕಡಿಕೆ ಬರುತ್ತದೋ ನೋಡೋಣ ಎಂದರು. ನಾನು ರಜೆ ಹಾಕಿ ತಮ್ಮ ಸತ್ಕಾರಕ್ಕೆ ಮನೆಯಲ್ಲಿ ಕುಳಿತೆ.

ತಮ್ಮ ಆಗಮನದ ವೈಖರಿಯನ್ನು ಎಷ್ಟು ಹೊಗಳಿದರೂ ಸಾಲದು. ನೆಂಟರು ಬರುವ ಮುಂಚೆ ಅವರ ಪೆಟ್ಟಿಗೆಗಳು ಬಂದಿಳಿದ ಹಾಗೆ ತಮ್ಮ ಅಡ್ಡಪರಿಣಾಮಗಳೆಲ್ಲ ಮೊದಲ ದಿನವೇ ಬಂದಿಳಿದವು. ಬಾಯಿ ಒಣಗಿತು, ಹೊಟ್ಟೆ ತೊಳಸಿತು, ಅಂಗೈ ಬೆವರಿತು, ಮತ್ತು ನಿದ್ದೆಯ ಸುಳಿವೇ ಇಲ್ಲದೆ ಬರುವ, ದವಡೆ ಕಳಚುವಷ್ಟು ದೊಡ್ಡ ಆಕಳಿಕೆಯೊಂದು ನನ್ನ ಮುಖದಲ್ಲಿ ಖಾಯಂ ನೆಲೆಸಿತು. ಪರಿಣಾಮ ಎಂಬ ತಾವು ಮಾತ್ರ ಬರಲಿಲ್ಲ. ಎರಡು ವಾರಕ್ಕೆ ಹೋಗಿ ಕೇಳಿದೆ, "ಕಾಯಿರಿ." ಐದು ವಾರಕ್ಕೆ ಕೇಳಿದೆ, "ಡೋಸು ಏರಿಸೋಣ, ಈ ಕಾಯಿಲೆಗೆ ಸ್ವಲ್ಪ ಜಾಸ್ತೀನೇ ಬೇಕಾಗುತ್ತೆ." ಎಂಟು ವಾರಕ್ಕೆ ಕೇಳಿದೆ, "ಇನ್ನೂ ಸ್ವಲ್ಪ ಏರಿಸೋಣ, ಇನ್ನೂ ಸ್ವಲ್ಪ ಕಾಯೋಣ." ಸರ್ಕಾರಿ ಕಚೇರಿಗಳಲ್ಲಿ ಸಹ ನನ್ನ ಕೆಲಸ ಇದಕ್ಕಿಂತ ಬೇಗ ಆಗಿದೆ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಹತ್ತನೆಯ ವಾರದ ಒಂದು ಮಂಗಳವಾರ, ನಾನು ಮತ್ತೆ ಬಸ್ಸು ಹತ್ತಿ ತಿಂಗಳಾಗಿದ್ದಾಗ, ಮರದ ಅಡ್ಡೆಯ ಎದುರು ಹಿಂದಿನ ಚಕ್ರ ‘ಧಡ್’ ಎಂದಿತು. ತಲೆ ಯಥಾಪ್ರಕಾರ "ಯಾರೋ ಹೋದ್ರು" ಎಂದಿತು. ಆಮೇಲೆ ನೋಡಿದರೆ ನಾನು ಎರಡು ನಿಲ್ದಾಣ ಮುಂದೆ ಬಂದಿದ್ದೆ, ಮಗಳಿಗೆ ಹೊಸ ಚಪ್ಪಲಿ ತೆಗೆಯಬೇಕಲ್ಲ ಎಂದು ಯೋಚಿಸುತ್ತಿದ್ದೆ! ಅನುಮಾನ ಸತ್ತಿರಲಿಲ್ಲ, ಪಕ್ಕದ ಮನೆಯ ರೇಡಿಯೋದ ಹಾಗೆ ಎಲ್ಲೋ ಗೊಣಗುತ್ತಿತ್ತು, ಆದರೆ ಎದ್ದು ಹೋಗಿ ಅದರ ಮಾತು ಕೇಳಬೇಕೆನ್ನಿಸಲಿಲ್ಲ. ಮಹಾಶಯರೇ, ಅಂದು ನನಗಾದ ಸಂತೋಷ ತಮಗೆ ಹೇಗೆ ತಿಳಿದೀತು, ತಾವು ಆಗಲೇ ಕರಗಿಹೋಗಿದ್ದಿರಿ. ಸಂಜೆ ಟಾರ್ಚಿಲ್ಲದೆ ನೇರ ಮನೆಗೆ ಹೋದೆ. ಬಾಗಿಲು ತೆಗೆದ ಮಗಳು ನನ್ನನ್ನು ನೋಡಿ ಗಾಬರಿಯಾಗಿ ಒಳಗೆ ಓಡಿ, "ಅಮ್ಮಾ, ಅಪ್ಪ ಬಂದುಬಿಟ್ಟಿದಾರೆ, ಏನಾಯ್ತೋ ನೋಡು" ಎಂದಳು. ಅವತ್ತು ನಾವು ಮೂವರೂ ಒಟ್ಟಿಗೆ ಊಟಕ್ಕೆ ಕುಳಿತೆವು, ಮತ್ತು ಅವಳು ಬಾಯಿ ಮುಚ್ಚದೆ ಮಾತಾಡುತ್ತಾಳೆಂಬುದು ನನಗೆ ಮೊದಲ ಬಾರಿಗೆ ಗೊತ್ತಾಯಿತು.

ಇಷ್ಟು ಉಪಕಾರ ಮಾಡಿದ ಮೇಲೂ ತಮ್ಮ ಮೇಲೆ ದೂರುಗಳಿವೆ, ಮತ್ತು ಅವೆಲ್ಲ ನನ್ನವೇ ಅಲ್ಲ. ಮೊದಲನೆಯದನ್ನು ಹದಿನೇಳನೇ ನಂಬರಿನ ಹದಿನೆಂಟು ಪ್ರಯಾಣಿಕರು ಸಹಿ ಹಾಕಿ ಡಿಪೋಗೆ ಕೊಟ್ಟಿದ್ದಾರೆ: "ಹನ್ನೊಂದು ವರ್ಷಗಳಿಂದ ಸುಗಮವಾಗಿ ನಡೆದುಕೊಂಡು ಬಂದಿದ್ದ ವಾಪಸ್ ಬರುವ ಸೌಲಭ್ಯವನ್ನು ಯಾವುದೇ ಮುನ್ಸೂಚನೆಯಿಲ್ಲದೆ ರದ್ದುಪಡಿಸಲಾಗಿದೆ." ಟೀಚರ್ ಸಹಿ ಎಲ್ಲಕ್ಕಿಂತ ಮೇಲಿದೆ, ಜಡೆ ಅರ್ಧಕ್ಕೇ ನಿಂತ ಸಿಟ್ಟು ಅಕ್ಷರದಲ್ಲೇ ಕಾಣುತ್ತದೆ. ಎರಡನೆಯದು ನನ್ನ ಹೆಂಡತಿಯದು. ಅದನ್ನು ಬಹಿರಂಗ ಪತ್ರದಲ್ಲಿ ವಿವರಿಸಲಾರೆ. ಗಂಡ ಸಂಜೆ ಬೇಗ ಮನೆಗೆ ಬರುವಂತೆ ಮಾಡಿದ ತಾವೇ, ಬಂದ ಗಂಡನಿಂದ ಇನ್ನೇನೂ ಉಪಯೋಗವಾಗದಂತೆಯೂ ಮಾಡಿದ್ದೀರಿ ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತೇನೆ. ಡಾಕ್ಟರಮ್ಮನ ಹತ್ತಿರ ಹೇಳಲು ನಾಚಿ ಮೂರು ತಿಂಗಳು ಸುಮ್ಮನಿದ್ದೆ, ಅವರು ಕೊನೆಗೆ ತಾವಾಗಿಯೇ ಕೇಳಿ ಇದು ಎಷ್ಟೋ ಜನಕ್ಕೆ ಆಗುತ್ತದೆ ಎಂದಾಗ ನಮಗಿಬ್ಬರಿಗೂ ಹೋದ ಜೀವ ಬಂದಂತಾಯಿತು. ಮೂರನೆಯದು ನನ್ನ ಅಕ್ಕನದು. ತಾಯಿಯಿಲ್ಲದ ನನ್ನನ್ನು ಎತ್ತಿ ಆಡಿಸಿದ ಆ ಅಕ್ಕ ಗಂಡನ ವರ್ಗಾವಣೆಯೆಂದು ದೂರದ ಊರಿಗೆ ಹೊರಟಾಗ ಸ್ಟೇಷನ್ನಿನಲ್ಲಿ ಎಲ್ಲರೂ ಗೋಳೋ ಎಂದು ಅಳುತ್ತಿದ್ದರು. ನಾನು ಮಾತ್ರ ರೈಲು ಏಳು ನಿಮಿಷ ತಡ ಎಂದು ಗಡಿಯಾರ ನೋಡಿ ನಿಂತಿದ್ದೆ, ಆಕಳಿಸಿದೆ ಕೂಡ. ಅನುಮಾನದ ಸದ್ದು ತಗ್ಗಿಸಲು ಹೋಗಿ ತಾವು ಮನೆಯ ಎಲ್ಲ ಸದ್ದನ್ನೂ ತಗ್ಗಿಸಿದ್ದೀರಿ. ಅಕ್ಕ ಈಗ ಫೋನಿನಲ್ಲಿ ನನ್ನ ಹೆಂಡತಿಯೊಡನೆ ಮಾತ್ರ ಮಾತಾಡುತ್ತಾಳೆ.

ಇನ್ನು ಮುಖ್ಯ ದೂರಿಗೆ ಬರುತ್ತೇನೆ. ಬರೀ ತಮ್ಮಿಂದ ಪೂರ್ತಿ ಗುಣವಾಗದು, ಹಿಂದಿರುಗಿ ನೋಡದೆ ಇರುವುದನ್ನೂ ಅಭ್ಯಾಸ ಮಾಡಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಅದಕ್ಕಾಗಿ ನಮ್ಮ ಕಂಡಕ್ಟರಮ್ಮನನ್ನೂ ಕರೆಸಿ ಪಾಠ ಹೇಳಿದ್ದರು. ಈಕೆಯನ್ನು ಎಲ್ಲರೂ ಸೀಟಿಯಕ್ಕ ಎನ್ನುತ್ತಾರೆ, ಮಾತಿಗಿಂತ ಸೀಟಿ ಜಾಸ್ತಿ. ಹಿಂದೆಲ್ಲ ನಾನು "ಏನಾದ್ರೂ ತಾಗಿತಾ ಅಕ್ಕ?" ಎಂದು ದಿನಕ್ಕೆ ಅರವತ್ತು ಸಲ ಕೇಳಿದರೆ ಆಕೆ "ಇಲ್ಲಪ್ಪ ಇಲ್ಲ" ಎಂದು ಅರವತ್ತು ಸಲ ಹೇಳುತ್ತಿದ್ದಳು. ಹಾಗೆ ಸಮಾಧಾನ ಹೇಳುವುದೇ ಕಾಯಿಲೆಗೆ ಗೊಬ್ಬರ, ಇನ್ನು ಮುಂದೆ ಕೇಳಿದರೆ "ಇರಬಹುದು" ಎಂದಷ್ಟೇ ಹೇಳಿ ಮುಂದೆ ಹೋಗಲು ಸೀಟಿ ಹೊಡೆಯಬೇಕು ಎಂದು ಡಾಕ್ಟರಮ್ಮ ತಾಕೀತು ಮಾಡಿದ್ದರು. ಸೀಟಿಯಕ್ಕ ಒಮ್ಮೆ ಮಾತು ಕೊಟ್ಟರೆ ಮುಗಿಯಿತು. ಮುಂದಿನ ಸೀಟುಗಳಲ್ಲಿ ಕೂರುವ ಹಳೆಯ ಪ್ರಯಾಣಿಕರಿಗೂ ಆಕೆಯೇ ತರಬೇತಿ ಕೊಟ್ಟಿದ್ದಳು.

ಹೋದ ತಿಂಗಳ ಒಂದು ಬೆಳಿಗ್ಗೆ, ಏಳನೇ ನಿಲ್ದಾಣದ ತಿರುವಿನಲ್ಲಿ ಬಸ್ಸಿನ ಹಿಂಭಾಗ ‘ಧಡ್’ ಎಂದಿತು, ಆಮೇಲೆ ‘ಕರಕರ’ ಎಂದಿತು. ಮಹಾಶಯರೇ, ನಾನು ನಿಯಮ ಮುರಿದು ಕೇಳಿಯೇಬಿಟ್ಟೆ, "ಅಕ್ಕ, ಏನಾದ್ರೂ ತಾಗಿತಾ?" ಕಿಕ್ಕಿರಿದ ಬಸ್ಸಿನ ನಡುವೆ ಟಿಕೆಟ್ ಹರಿಯುತ್ತಿದ್ದ ಸೀಟಿಯಕ್ಕ ಹೊರಗೆ ನೋಡದೆಯೇ, ಕೊಟ್ಟ ಮಾತಿನಂತೆ, "ಇರಬಹುದು ಅಣ್ಣ, ನಡೀರಿ ಮುಂದೆ" ಎಂದು ಸೀಟಿ ಊದಿದಳು. ಹಲ್ಲಿನ ಸೆಟ್ಟಿನ ತಾತ "ಇರಬಹುದು ಬಿಡಿ, ಪ್ರಪಂಚದಲ್ಲಿ ಏನೇನೋ ಇರುತ್ತೆ" ಎಂದು ಸೇರಿಸಿದರು. ಕನ್ನಡಿಯಲ್ಲಿ ನೋಡಿದೆ. ಒಬ್ಬ ಮನುಷ್ಯ ಎರಡೂ ಕೈ ಮೇಲೆತ್ತಿ ಬಸ್ಸಿನ ಹಿಂದೆ ಓಡಿ ಬರುತ್ತಿದ್ದ. ಇಂಥವರನ್ನು ನಾನು ಹನ್ನೊಂದು ವರ್ಷ ಮನಸ್ಸಿನಲ್ಲಿ ಸಾವಿರಾರು ಸಲ ಕಂಡವನು, ಇವರಿಗೆಲ್ಲ ಹೆದರಬಾರದೆಂದು ಕಲಿತವನು. ಆದ್ದರಿಂದ ಕನ್ನಡಿಗೆ ಒಂದು ನಗೆ ಬೀರಿ ಗೇರು ಬದಲಿಸಿದೆ. ಹಿಂದಿನ ಸೀಟಿನಿಂದ ಯಾರೋ "ಓಡಿ ಬಂದ್ರೆ ನಿಲ್ಲಿಸೋ ಕಾಲ ಹೋಯ್ತು ಸಾರ್, ಬೇಗ ಎದ್ದು ಬರಬೇಕಿತ್ತು" ಎಂದು ಆ ಮನುಷ್ಯನಿಗೆ ಕೂಗಿ ಹೇಳಿದರು. ಓಡುತ್ತಿದ್ದವರು ಮೆಮೋ ಸಾಹೇಬರು. ಹಿಂದೆ ರಸ್ತೆಯಲ್ಲಿ ಅಡ್ಡಡ್ಡ ಮಲಗಿದ್ದದ್ದು ಅವರು ಹಿಂದಿನ ದಿನವಷ್ಟೇ ತಂದ ಹೊಸ ಸ್ಕೂಟರು.

ಏನೂ ತಾಗದೆ ಹಿಂದಿರುಗಿದ್ದಕ್ಕೆ ನಲವತ್ತೊಂದು ಮೆಮೋ ಪಡೆದ ನನಗೆ, ತಾಗಿದರೂ ಹಿಂದಿರುಗದಿದ್ದಕ್ಕೆ ನಲವತ್ತೆರಡನೆಯದು ಬಂತು. ವಿಚಾರಣೆಯಲ್ಲಿ ಡಿಪೋ ಮ್ಯಾನೇಜರು, "ಏನ್ರೀ, ಅಷ್ಟು ದೊಡ್ಡ ಶಬ್ದ ನಿಮಗೆ ಕೇಳಿಸಲೇ ಇಲ್ವಾ?" ಎಂದರು. "ಕೇಳಿಸ್ತು ಸಾರ್. ಹನ್ನೊಂದು ವರ್ಷದಿಂದ ದಿನಾ ಕೇಳಿಸುತ್ತೆ" ಎಂದೆ. ಸೀಟಿಯಕ್ಕ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡಳು. ಡಾಕ್ಟರಮ್ಮ ಬಂದು, "ತಪ್ಪು ಔಷಧಿಯದಲ್ಲ, ನಾನು ಹಾಕಿಕೊಟ್ಟ ನಿಯಮದ್ದು, ನಿಜವಾಗಿ ತಾಗಿದರೆ ಎರಡು ಸೀಟಿ ಎಂದು ಸೇರಿಸಲು ನನಗೇ ಹೊಳೆಯಲಿಲ್ಲ, ಈತನಿಗೆ ತೂಕಡಿಕೆಯಿಲ್ಲ, ಓಡಿಸಲು ಯೋಗ್ಯ" ಎಂದು ಬರೆದುಕೊಟ್ಟರು. ಮ್ಯಾನೇಜರು ಅದನ್ನು ಓದದೆ, ತಾವು ಬಂದ ಔಷಧಿ ಪೆಟ್ಟಿಗೆಯೊಳಗಿನ ಕರಪತ್ರದಲ್ಲಿ ‘ವಾಹನ ಚಲಾಯಿಸುವಾಗ ಎಚ್ಚರ’ ಎಂದಿದ್ದ ಒಂದು ಸಾಲನ್ನು ಮಾತ್ರ ಓದಿ, "ತಲೆಗೆ ಮಾತ್ರೆ ತಗೊಳ್ಳೋರ ಕೈಗೆ ನಾನು ಬಸ್ ಕೊಡಲ್ಲ. ಒಂದೋ ಮಾತ್ರೆ, ಒಂದೋ ಸ್ಟೇರಿಂಗ್. ಹತ್ತು ದಿನದಲ್ಲಿ ಬರೆದುಕೊಡಿ" ಎಂದರು. ತಾವಿದ್ದರೆ ನಾನು ಬಸ್ಸು ಓಡಿಸಬಲ್ಲೆ, ಆದರೆ ಅವರು ಕೊಡುವುದಿಲ್ಲ. ತಾವಿಲ್ಲದಿದ್ದರೆ ಅವರು ಕೊಡುತ್ತಾರೆ, ಆದರೆ ನಾನು ಓಡಿಸಲಾರೆ. ಇಷ್ಟು ಅಚ್ಚುಕಟ್ಟಾದ ಏರ್ಪಾಟನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಈಗ ತಪ್ಪೊಪ್ಪಿಗೆ. ಸ್ಟೇರಿಂಗಿನ ಮೇಲಿನ ಆಸೆಯಿಂದ, ಯಾರಿಗೂ ಹೇಳದೆ ತಮ್ಮನ್ನು ನುಂಗುವಂತೆ ನಟಿಸಿ ಒಂಬತ್ತು ದಿನ ಅಂಗಿಯ ಜೇಬಿಗೆ ಇಳಿಸಿದೆ. ತಾವು ಸಿಟ್ಟಾದ ರೀತಿಯೂ ಮೆಚ್ಚುವಂಥದ್ದೇ. ನಾಲ್ಕನೇ ದಿನದಿಂದ ಕತ್ತು ತಿರುಗಿಸಿದರೆ ಸಾಕು, ತಲೆಯೊಳಗೆ ಕರೆಂಟು ಹೊಡೆದಂತಾಯಿತು. ಏಳನೇ ದಿನ, ಬಸ್ಸೇ ಇಲ್ಲದೆ ಫುಟ್‌ಪಾತಿನಲ್ಲಿ ನಡೆಯುತ್ತಿದ್ದಾಗ, ಯಾರನ್ನೋ ತಳ್ಳಿದೆನೇನೋ ಎಂದು ಮೂರು ಸಲ ಹಿಂದಿರುಗಿ ನೋಡಿದೆ. ಒಂಬತ್ತನೇ ಸಂಜೆ ಹನ್ನೊಂದು ಕಿಲೋಮೀಟರನ್ನೂ ನಡೆದೆ. ಮನೆಗೆ ಬಂದರೆ ಮೇಜಿನ ಮೇಲೆ ಎರಡೇ ತಟ್ಟೆ, ಎರಡೂ ಊಟವಾದವು. "ಮಗಳೇ ಎರಡು ಇಟ್ಟಳು" ಎಂದಳು ಹೆಂಡತಿ. "ಅಪ್ಪ ಮತ್ತೆ ಮೊದಲಿನ ಹಾಗಾದ್ರಲ್ವಾ, ಅವರದ್ದು ಬೇಡ ಅಂದಳು. ಅಳಲೂ ಇಲ್ಲ." ನಾನು ಅಲ್ಲೇ ಕುರ್ಚಿಯ ಮೇಲೆ ಕುಳಿತು ಅತ್ತೆ. ವರ್ಷದ ಮೇಲೆ ಮೊದಲ ಸಲ ಅತ್ತೆ, ಅಕ್ಕನದ್ದೂ ಸೇರಿಸಿ ಅತ್ತೆ. ತಾವಿರಲಿಲ್ಲವಾದ್ದರಿಂದ ಅಳು ಬಂತು. ತಾವಿರಲಿಲ್ಲವಾದ್ದರಿಂದಲೇ ಅಳುವಂಥದ್ದೂ ಬಂತು.

ಹತ್ತನೇ ದಿನ ಮ್ಯಾನೇಜರಿಗೆ ಬರೆದುಕೊಟ್ಟೆ: "ಮಾತ್ರೆ ಬಿಡಲಾರೆ, ಸ್ಟೇರಿಂಗ್ ತಾವೇ ಇಟ್ಟುಕೊಳ್ಳಿ." ನನ್ನನ್ನು ಪ್ರಯಾಣಿಕರು ಬಿಟ್ಟುಹೋದ ಕೊಡೆ, ಚೀಲ, ಊಟದ ಡಬ್ಬಿಗಳ ಕೋಣೆಗೆ ಹಾಕಿದ್ದಾರೆ. ಕಿಟಕಿಯಿಂದ ಹದಿನೇಳನೇ ನಂಬರ್ ಹೊರಡುವುದು ಕಾಣುತ್ತದೆ. ಹೊಸ ಚಾಲಕ ಎರಡನೇ ಗೇರಿಗೆ ಹಾಕುವಾಗ ಎಂಜಿನ್ನನ್ನು ಕಿರುಚಿಸುತ್ತಾನೆ. ಆ ಸದ್ದು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ಮಾತ್ರೆಯ ಜೊತೆಗೇ ಬಸ್ಸು ಓಡಿಸಲು ಬಿಡಿ ಎಂದು ವೈದ್ಯರ ಮಂಡಳಿಗೆ ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆಗಳು. ಮಂಡಳಿಯ ಮುಂದೆ ತಾವೇ ಖುದ್ದಾಗಿ ಹಾಜರಾಗಿ, ಕರಗುವ ಮೊದಲು ನನ್ನ ಪರವಾಗಿ ಎರಡು ಮಾತು ಹೇಳಬೇಕು. ಸುಳ್ಳು ‘ಧಡ್’ಗೂ ಸ್ಕೂಟರಿನ ‘ಧಡ್’ಗೂ ಇರುವ ವ್ಯತ್ಯಾಸವನ್ನು ತಾವು ಕಲಿತು ನನಗೂ ಕಲಿಸಬೇಕು. ನನ್ನ ಹೆಂಡತಿಯ ದೂರನ್ನು ವಾರಕ್ಕೊಂದು ದಿನವಾದರೂ ಪರಿಗಣಿಸಬೇಕು, ಭಾನುವಾರ ಆದೀತು. ಅಕ್ಕನಿಗಾಗಿ ಒಂದು ಲೋಟದಷ್ಟು ಕಣ್ಣೀರನ್ನು ಮುಟ್ಟದೆ ಬಿಟ್ಟುಕೊಡಬೇಕು. ಆಕಳಿಕೆಯನ್ನು ಮೆಮೋ ಸಾಹೇಬರಿಗೆ ವರ್ಗಾಯಿಸಿದರೆ ನನ್ನ ಅಭ್ಯಂತರವಿಲ್ಲ. ಇವ್ಯಾವೂ ಆಗದೆಂದು ಗೊತ್ತಿದೆ. ಆದರೂ ನಾಳೆ ಬೆಳಿಗ್ಗೆ ತಿಂಡಿಯಾದ ಮೇಲೆ ತಮ್ಮನ್ನು ನುಂಗುತ್ತೇನೆ.

ಒಂಬತ್ತು ದಿನದ ಮೋಸ ಗೊತ್ತಾದಾಗಿನಿಂದ ನನ್ನ ಹೆಂಡತಿ ಮಗಳನ್ನು ಕಾವಲಿಗೆ ಹಾಕಿದ್ದಾಳೆ. ತಾವು ಒಳಗೆ ಹೋದ ಮೇಲೆ ನಾನು ಅವಳ ಮುಂದೆ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ಇವತ್ತು ಅವಳು ಒಂದು ಕ್ಷಣ ಬಗ್ಗಿ ನೋಡಿ, ಶೂಸಿನ ಲೇಸು ಕಟ್ಟಿಕೊಳ್ಳಲು ಕುಳಿತಳು. ನನಗೆ ತಡೆಯಲಾಗಲಿಲ್ಲ, "ಸರಿಯಾಗಿ ನೋಡಿದ್ಯಾ? ಇನ್ನೊಂದ್ಸಲ ನೋಡಿಬಿಡು" ಎಂದೆ. ಅವಳು ತಲೆಯನ್ನೂ ಎತ್ತದೆ, "ಒಂದ್ಸಲ ನೋಡಿದ್ನಲ್ಲ ಅಪ್ಪ, ಸಾಕು" ಎಂದಳು. ಹನ್ನೊಂದು ವರ್ಷ ಹೆಣಗಾಡಿದರೂ ನನ್ನ ಬಾಯಲ್ಲಿ ಬಾರದ ಮಾತು ಅದು, ಅವಳು ಲೇಸು ಕಟ್ಟುತ್ತಾ ಹೇಳಿಬಿಟ್ಟಳು.

ಇತಿ, ಬೇರೆ ದಾರಿಯಿಲ್ಲದೆಯೂ, ಸ್ವಲ್ಪ ಪ್ರೀತಿಯಿಂದಲೂ,
ದಿನಕ್ಕೊಂದು ಗುಟುಕು ನೀರಿನಷ್ಟು ತಮ್ಮ ವಿಶ್ವಾಸಿ,
ಮಾಜಿ ವಾಪಸ್ಸಣ್ಣ,
ಕಳೆದುಹೋದ ಸಾಮಾನುಗಳ ಕೋಣೆ

ತಾ.ಕ.: ಹಿಂದಾಗಿದ್ದರೆ ಇಂಥ ಕಾಗದವನ್ನು ಕಳಿಸುವ ಮುನ್ನ ನಲವತ್ತು ಸಲ ಓದುತ್ತಿದ್ದೆ. ಇದನ್ನು ಹದಿನಾರು ಸಲ ಓದಿದ್ದೇನೆ. ಹದಿನೇಳನೆಯ ಸಲ ಓದಬೇಕೆಂದು ಕೈ ತುರಿಸುತ್ತಿದೆ, ಓದುವುದಿಲ್ಲ. ಆ ಹದಿನಾರು ತಮ್ಮ ಕೆಲಸದಲ್ಲಿ ಇನ್ನೂ ಬಾಕಿಯಿರುವುದು ಎಂದು ತಿಳಿದುಕೊಳ್ಳತಕ್ಕದ್ದು. ಓದದೆ ಬಿಟ್ಟ ಆ ಒಂದು ಸಲ ಮಾತ್ರ ನನ್ನದು, ಅದರ ಶ್ರೇಯಸ್ಸನ್ನು ತಾವು ಹೊಡೆದುಕೊಳ್ಳುವಂತಿಲ್ಲ.